ಮಾತು ಒಣಗಿಸುವ ಪೆರಿಖಾನ್

ಪೆರಿಖಾನ್ ಅವರಿಗೆ ಕಚೇರಿಯಲ್ಲಿ ಮೇಜಿಲ್ಲ. ಕೆಲಸಕ್ಕೆ ಸೇರಿದಾಗ ಇರಲಿಲ್ಲ. ಈಗ ಅರವತ್ತೆರಡು ವಯಸ್ಸು, ಈಗಲೂ ಇಲ್ಲ.

ಬೆಳಗಿನ ಆರು ಗಂಟೆಗೆ ಅವರು ಟರ್ಕಿಯ ಕುರ್ದ್ ಸೀಮೆಯ ನಗರ ದಿಯಾರ್‌ಬಕಿರ್‌ನ ಹಳ್ಳಿ ವ್ಯಾನುಗಳು ಬಂದು ನಿಲ್ಲುವ ಗ್ಯಾರೇಜಿನಲ್ಲಿದ್ದಾರೆ. ಫೆಬ್ರವರಿಯ ಚಳಿ. ಮೈಮೇಲೆ ಎರಡು ಸ್ವೆಟರ್, ಅದರ ಮೇಲೆ ಗಂಡಸರ ಕೋಟು. ಪಕ್ಕದ ಅಂಗಡಿಯಲ್ಲಿ ಕುರಿಯ ಈಲಿಯನ್ನು ಕಂಬಿಗೆ ಚುಚ್ಚಿ ಆಗಲೇ ಕೆಂಡದ ಮೇಲೆ ಸುಡುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿದ ಡ್ರೈವರುಗಳು ಅದನ್ನು ರೊಟ್ಟಿಯಲ್ಲಿ ಸುತ್ತಿ, ಹಸಿ ಈರುಳ್ಳಿ ಕಚ್ಚಿಕೊಂಡು ತಿನ್ನುತ್ತಿದ್ದಾರೆ. ಕುಲ್ಪ್ ಕಡೆಯ ಮೊದಲ ವ್ಯಾನು ಬಂದು ನಿಲ್ಲುತ್ತದೆ. ಅದರಿಂದ ಒಬ್ಬ ಮುದುಕ ಕೋಲು ಮೊದಲು ಇಳಿಸಿ, ಆಮೇಲೆ ತಾನು ಇಳಿಯುತ್ತಾನೆ.

ಹೆಸರು ಫೆರ್ಹೊ. ಮೊಮ್ಮಗನ ಮಂಡಿಗೆ ತಪಾಸಣಾ ಗೇಟಿನ ಬಳಿ ಗುಂಡು ಬಿದ್ದಿದೆ. ಊರಿನ ನ್ಯಾಯಾಲಯದಿಂದ ರಾಜಧಾನಿಯ ನ್ಯಾಯಾಲಯದವರೆಗೆ ಎಲ್ಲ ಕಡೆ ಅರ್ಜಿ ವಜಾ ಆಗಿದೆ. ಇನ್ನು ಉಳಿದಿರುವುದು ಸ್ಟ್ರಾಸ್‌ಬರ್ಗ್ ಒಂದೇ. ದೇಶದ ಗಡಿಯ ಆಚೆ, ಸರ್ಕಾರಗಳನ್ನೇ ಕಟಕಟೆಗೆ ಕರೆಯುವ ಮಾನವ ಹಕ್ಕುಗಳ ನ್ಯಾಯಾಲಯ ಅದು. ಫೆರ್ಹೊ ಕಣ್ಣಾರೆ ನೋಡಿದ ಸಾಕ್ಷಿ. ಅವನ ಮಾತು ಅಲ್ಲಿಗೆ ಹೋಗಬೇಕು. ಆ ದಾರಿಯ ಮೊದಲ ಕೈ ಪೆರಿಖಾನ್ ಅವರದು.

"ನೀನೇನಾ ಪೆರಿಖಾನ್?" ಎಂದು ಮುದುಕ ಮೇಲಿಂದ ಕೆಳಗೆ ನೋಡುತ್ತಾನೆ. "ಫೋನಲ್ಲಿ ದನಿ ಕೇಳಿ ದಪ್ಪ ಇರ್ತೀಯ ಅಂದ್ಕೊಂಡಿದ್ದೆ."

"ದನಿಗೇ ಎಲ್ಲಾ ಹಾಕ್ಬಿಟ್ಟಿದೀನಿ ಮಾಮಾ. ಬಾ, ಏನಾದ್ರೂ ತಿನ್ನು."

ಈಲಿ ಕಡಿಯಲು ಹಲ್ಲಿಲ್ಲ ಎಂದು ಅವನು ಬೇಳೆ ಸಾರಿಗೆ ಒಪ್ಪುತ್ತಾನೆ. ಸಾರು ಅರ್ಧ ಆಗುವವರೆಗೆ ಪೆರಿಖಾನ್ ಕೇಸಿನ ಮಾತೆತ್ತುವುದಿಲ್ಲ. ಹಿಮ, ಮೇವಿನ ಬೆಲೆ, ವ್ಯಾನಿನ ಡ್ರೈವರ್ ಯಾರ ಮಗ, ಇಷ್ಟೇ. ಆಮೇಲೆ ಮೊದಲ ಪ್ರಶ್ನೆ. ಈ ಪ್ರಶ್ನೆಯನ್ನು ಅವರು ಇಪ್ಪತ್ತು ವರ್ಷಗಳಿಂದ ಪ್ರತಿಯೊಬ್ಬರಿಗೂ ಮೊದಲು ಕೇಳುತ್ತ ಬಂದಿದ್ದಾರೆ.

"ಮಾಮಾ, ನೀನು ತಾರೀಖು ಹೇಳೋದು ಹಳೇ ಲೆಕ್ಕದಲ್ಲೋ, ಹೊಸದ್ರಲ್ಲೋ?"

ಹಳ್ಳಿಯ ಹಿರಿಯರ ಹಳೇ ಲೆಕ್ಕ ಸರ್ಕಾರದ ಕ್ಯಾಲೆಂಡರಿಗಿಂತ ಹದಿಮೂರು ದಿನ ಹಿಂದೆ ನಡೆಯುತ್ತದೆ. ತಿಂಗಳುಗಳ ಹೆಸರು ಎರಡರಲ್ಲೂ ಒಂದೇ. ಮೇ ತಿಂಗಳಿಗೆ ಎರಡರಲ್ಲೂ ಗುಲಾನ್ ಎಂದೇ ಹೆಸರು. ಬಿತ್ತನೆ, ಕುರಿ ಮೇಲುಗಾವಲಿಗೆ ಹೊಡೆಯುವುದು, ಮಗುವಿನ ಹುಟ್ಟು, ಎಲ್ಲವನ್ನೂ ಹಿರಿಯರು ಹಳೆಯದರಲ್ಲೇ ನೆನಪಿಡುತ್ತಿದ್ದರು.

ಫೆರ್ಹೊ ನಗುತ್ತಾನೆ. ಹಳೇ ಲೆಕ್ಕದವರೆಲ್ಲ ಮಣ್ಣಿಗೆ ಹೋದರು, ಈಗ ತನ್ನ ಜೇಬಿನ ಫೋನೇ ಇವತ್ತು ಎಷ್ಟನೇ ತಾರೀಖು ಅಂತ ಹೇಳುತ್ತದೆ ಎನ್ನುತ್ತಾನೆ.

"ಆದ್ರೂ ಬಾಯ್ಬಿಟ್ಟು ಹೇಳು."

"ಹೊಸದು ತಾಯೀ, ಹೊಸದು. ಸಾರು ಕುಡಿಯೋಕೆ ಬಿಡ್ತೀಯೋ ಇಲ್ವೋ?"

ಕಚೇರಿ ಇರುವುದು ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಲಿಫ್ಟ್ ಇದೆ, ನಡೆಯುವುದಿಲ್ಲ. ಮುಂದಿನ ಕೋಣೆಗಳಲ್ಲಿ ನಾಲ್ವರು ವಕೀಲರು, ಅವರ ಮೇಜುಗಳು, ಗೋಡೆ ತುಂಬ ಕಡತ. ಹಿಂದಿನ ಕೋಣೆ ಚಹಾ ಕಾಯಿಸುವ ಅಡುಗೆಮನೆ. ಪೆರಿಖಾನ್ ಕೂರುವುದು ಅಲ್ಲಿ, ಸಿಂಕಿನ ಪಕ್ಕದ ಸ್ಟೂಲಿನ ಮೇಲೆ. ಸಂಬಳದ ಚೀಟಿಯಲ್ಲಿ ಅವರ ಹುದ್ದೆ ಇವತ್ತಿಗೂ ಸ್ವಚ್ಛತಾ ಕೆಲಸ. ಅದೂ ಸುಳ್ಳಲ್ಲ. ನೆಲ ಒರೆಸುವುದು, ಲೋಟ ತೊಳೆಯುವುದು ಅವರೇ.

ಮೊದಮೊದಲು ಸಾಕ್ಷಿಗಳನ್ನು ವಕೀಲರ ಮೇಜಿನ ಮುಂದೆ ಕೂರಿಸುತ್ತಿದ್ದರು. ಹಳ್ಳಿಯ ಹೆಂಗಸರು ಕೈಕಟ್ಟಿಕೊಂಡು ನೆಲ ನೋಡುತ್ತಿದ್ದರು. ಮೇಜಿನ ಆಚೆ ಕೂತವನು ಯಾರೇ ಆಗಲಿ, ಅವರ ಕಣ್ಣಿಗೆ ಅವನು ಸರ್ಕಾರ. ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಿದ್ದರು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದಾಗ ಮಾತ್ರ ಬಾಯಿ ಬಿಡುತ್ತಿದ್ದರು. ಹಾಗಾಗಿ ಹೇಳಿಕೆ ಪಡೆಯುವ ಜಾಗವೇ ಅಡುಗೆಮನೆಗೆ ಬಂತು. ಅದನ್ನು ಯಾರೂ ತೀರ್ಮಾನ ಮಾಡಲಿಲ್ಲ.

ಪೆರಿಖಾನ್ ಕೆಲಸ ಮಾಡುವ ರೀತಿ ಹೀಗೆ: ಮೊದಲ ಸಲ ಕೇಳುವಾಗ ಬರೆಯುವುದಿಲ್ಲ. ಕೈಗೆ ಬೇರೆ ಕೆಲಸ ಕೊಡುತ್ತಾರೆ. ಇವತ್ತು ಒಂದು ಬುಟ್ಟಿ ಬಟಾಣಿ. ಫೆರ್ಹೊನ ಮುಂದೆಯೂ ಒಂದು ಹಿಡಿ ಸುರಿಯುತ್ತಾರೆ. ಹೇಳುವವರ ಮುಖ ನೋಡುವುದಿಲ್ಲ. ಮಾತು ಒಂದು ಸುತ್ತು ಮುಗಿದ ಮೇಲೆ ಚಹಾ. ಎರಡನೇ ಸುತ್ತಿಗೆ ಪೆನ್ನು. ಹೇಳುವುದು ಕುರ್ದಿಶ್‌ನಲ್ಲಿ, ಬರೆಯುವುದು ಟರ್ಕಿಶ್‌ನಲ್ಲಿ. ಅದನ್ನು ಬೇರೆ ಯಾರೋ ಇಂಗ್ಲಿಷಿಗೋ ಫ್ರೆಂಚಿಗೋ ತಿರುಗಿಸುತ್ತಾರೆ. ಸ್ಟ್ರಾಸ್‌ಬರ್ಗ್‌ನ ನ್ಯಾಯಾಧೀಶರು ಓದುವಾಗ ಅದು ಮೂರನೆಯ ಭಾಷೆ.

"ದಿನಕ್ಕೆ ಒಬ್ರು. ತೀರಾ ಆದ್ರೆ ಇಬ್ರು," ಎನ್ನುತ್ತಾರೆ ಪೆರಿಖಾನ್. "ಮೂರನೆಯವ್ರನ್ನ ಕೂರಿಸ್ಕೊಂಡ್ರೆ ಒಬ್ರ ಮನೆ ಸತ್ತೋರು ಇನ್ನೊಬ್ರ ಹೇಳಿಕೆಗೆ ಬಂದು ಸೇರ್ಕೋತಾರೆ. ಒಂದ್ಸಲ ಹಾಗಾಗಿದೆ. ಮಹ್ಸುಮ್ ಕಂಡುಹಿಡಿದ, ಬದುಕಿಕೊಂಡ್ವಿ."

ಮಹ್ಸುಮ್ ಈ ಕಚೇರಿಯ ಹಿರಿಯ ವಕೀಲ. ಇಬ್ಬರೂ ಒಂದೇ ವರ್ಷ ಇಲ್ಲಿಗೆ ಬಂದವರು. ಅವನು ಕಪ್ಪು ಕೋಟಿನಲ್ಲಿ, ಅವರು ಚಹಾ ತಟ್ಟೆ ಹಿಡಿದು. ಪೆರಿಖಾನ್ ಅವರ ಅಪ್ಪ ಹಳೆಯ ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಮಗಳಿಗೆ ಹೈಸ್ಕೂಲು ಮುಗಿಸಲು ಬಿಟ್ಟ, ಅದರಾಚೆ ಬಿಡಲಿಲ್ಲ. ಬೇಸಿಗೆಯ ರಜೆಯೆಲ್ಲ ಅಜ್ಜಿಯ ಹಳ್ಳಿಯಲ್ಲಿ. ಪೇಟೆಯಲ್ಲಿ ಹುಟ್ಟಿ ಬೆಳೆದ ವಕೀಲರಿಗೆ ಹಳ್ಳಿಯ ಕುರ್ದಿಶ್ ಅರ್ಧ ಗೊತ್ತಾಗುತ್ತಿತ್ತು, ಅರ್ಧ ತಪ್ಪಾಗಿ ಗೊತ್ತಾಗುತ್ತಿತ್ತು. ಚಹಾ ತರುವ ಹೆಂಗಸು ಬಾಗಿಲಲ್ಲಿ ನಿಂತು ತಿದ್ದುತ್ತಿದ್ದಳು. ಕೆಲವು ತಿಂಗಳಲ್ಲಿ ಅವಳ ಕೈಗೇ ಪೆನ್ನು ಬಂತು.

ಆ ದಿನಗಳಲ್ಲಿ ಈ ಕೆಲಸಕ್ಕೆ ಶಿಕ್ಷೆಯೂ ಇತ್ತು. ಸೈನ್ಯ ಕುರ್ದ್ ಹಳ್ಳಿಗಳನ್ನು ಖಾಲಿ ಮಾಡಿಸುತ್ತಿದ್ದ ವರ್ಷಗಳವು. ಒಮ್ಮೆ ಪೊಲೀಸರು ಬಂದು ಕಚೇರಿಯಲ್ಲಿದ್ದ ಎಲ್ಲರನ್ನೂ ಕರೆದುಕೊಂಡು ಹೋದರು. ಪೆರಿಖಾನ್ ಒಂದು ವಾರದ ನಂತರ ಹೊರಬಂದರು. ಒಳಗೆ ಏನಾಯಿತು ಎಂದು ನಾನು ಕೇಳಿದೆ. "ನಿಂತಿದ್ದೆ" ಎಂದರು. ಅಷ್ಟೇ. ಮನೆಗೆ ಹೋದಾಗ ಗಂಡ ಒಂದೇ ಮಾತು ಹೇಳಿದ: ಆ ಅಡುಗೆಮನೆ ಬೇಕೋ, ಈ ಅಡುಗೆಮನೆ ಬೇಕೋ ನೋಡಿಕೋ. ಮರುದಿನ ಅವರು ಬಂದು ಇಲ್ಲಿಯ ಲೋಟ ತೊಳೆದರು. ಮಕ್ಕಳಿರಲಿಲ್ಲ, ಹಾಗಾಗಿ ಜಗಳ ಬೇಗ ಮುಗಿಯಿತು.

ಸಾಕ್ಷಿಯ ಮಾತನ್ನು ಹೇಳಿಕೆಯಾಗಿ ಮಾಡುವುದಕ್ಕೆ ಈ ಕಚೇರಿಯಲ್ಲಿ ಒಂದು ಪದ ಇದೆ, ಒಣಗಿಸುವುದು. ಒದ್ದೆಯಾಗಿ ಬಂದದ್ದನ್ನು ಒಣಗಿಸಿ ಕಳಿಸಬೇಕು. ಮುದುಕಿಯೊಬ್ಬಳು ಮಗನ ಬಗ್ಗೆ ಹೇಳಲು ಕೂತರೆ ಅವನು ಹುಟ್ಟಿದ ರಾತ್ರಿಯ ಹಿಮದಿಂದ ಶುರುಮಾಡುತ್ತಾಳೆ. ಮಧ್ಯೆ ಅತ್ತಿಗೆಯ ಜೊತೆ ಆದ ಜಗಳ ಬರುತ್ತದೆ, ಕಳೆದುಹೋದ ಮೇಕೆ ಬರುತ್ತದೆ. ಹತ್ತು ವಾಕ್ಯಕ್ಕೊಮ್ಮೆ ಹಾಡುವ ದನಿಯಲ್ಲಿ ಅಳು. ನ್ಯಾಯಾಲಯಕ್ಕೆ ಬೇಕಾಗಿರುವುದು ಯಾರು, ಎಲ್ಲಿ, ಯಾವಾಗ, ಎಷ್ಟು ಜನ, ಯಾವ ಬಣ್ಣದ ಬಟ್ಟೆ, ಯಾವ ಗಾಡಿ. ಮಹ್ಸುಮ್ ಮೊದಲ ವರ್ಷವೇ ಹೇಳಿದ್ದ, ಮರ ಬೇಡ, ಮೇಕೆ ಬೇಡ, ತಾರೀಖು ಕೊಡಿ. ಪೆರಿಖಾನ್ ಒಣಗಿಸುವುದರಲ್ಲಿ ಪಳಗಿದರು. ಅವರು ಬರೆದ ಹೇಳಿಕೆಗಳು ಚೊಕ್ಕ. ಅದರ ಮೇಲೆ ಹಲವು ತೀರ್ಪುಗಳು ಬಂದಿವೆ. ಯಾವ ತೀರ್ಪಿನಲ್ಲೂ ಅವರ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ.

ಎಸ್ಮೆರ್ ಎಂಬ ಹೆಂಗಸಿನ ಹೇಳಿಕೆಯನ್ನೂ ಅವರೇ ಒಣಗಿಸಿದರು.

ಎಸ್ಮೆರ್ ಅವರದು ತೂಯಾನ್ ಎಂಬ ಸಣ್ಣ ಹಳ್ಳಿ. ಕುಲ್ಪ್ ಕಡೆ ಊರೂರಲ್ಲೂ ರೇಷ್ಮೆ ಹುಳು ಸಾಕುತ್ತಾರೆ. ತೂಯಾನ್‌ನಲ್ಲಿ ಹಿಪ್ಪುನೇರಳೆ ಮರ ಇಲ್ಲದ ಮನೆ ಇರಲಿಲ್ಲ. ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಎಸ್ಮೆರ್ ಅವರ ಹತ್ತೊಂಬತ್ತು ವರ್ಷದ ಮಗ ನೆಜೀರ್ ಸೊಪ್ಪಿನ ಕೊಂಬೆ ಕಡಿಯಲು ಮರ ಹತ್ತಿದ್ದ. ಸೈನಿಕರು ಬಂದು ಇಳಿ ಎಂದರು. ಇಳಿದ. ಅವನನ್ನು ಗಾಡಿಗೆ ಹತ್ತಿಸಿಕೊಂಡು ಹೋದರು. ಕೇಳಲು ಹೋದಾಗ ಅಂಥ ಹುಡುಗನನ್ನು ನಾವು ಹಿಡಿದೇ ಇಲ್ಲ ಎಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಊರಿಗೇ ಬೆಂಕಿ ಬಿತ್ತು. ಎಸ್ಮೆರ್ ಮಗಳು ಗುಲ್‌ಬಹಾರಳನ್ನು ಕರೆದುಕೊಂಡು ದಿಯಾರ್‌ಬಕಿರ್‌ಗೆ ಬಂದು, ಬಾಗ್ಲಾರ್ ಬಡಾವಣೆಯ ಒಂದು ನೆಲಮಾಳಿಗೆಯಲ್ಲಿ ಸೇರಿಕೊಂಡರು.

ಅವರು ಈ ಅಡುಗೆಮನೆಗೆ ಬಂದದ್ದು ಮರುವರ್ಷ. ಗಟ್ಟಿ ಹೆಂಗಸು, ಮಾತಿನಲ್ಲಿ ಚೂಪು. ಕೇಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಂಡರು. ಆ ನ್ಯಾಯಾಧೀಶರಿಗೆ ಕುರ್ದಿಶ್ ಬರುವುದಿಲ್ಲ ಎಂದಾಗ, ಅಷ್ಟೆಲ್ಲ ಓದಿದವರಿಗೆ ಇದೊಂದು ಕಲಿಯಲು ಏನು ಧಾಡಿ ಎಂದರು. ಎರಡನೇ ಸಲ ಬರುವಾಗ ಹಿಪ್ಪುನೇರಳೆ ಹಣ್ಣಿನ ರಸವನ್ನು ಹಾಳೆಯಾಗಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ತಂದರು. ನ್ಯಾಯಾಧೀಶರಿಗೆ ಕಳಿಸಬೇಕಂತೆ. ಮಹ್ಸುಮ್ ಅದು ಲಂಚವಾಗುತ್ತದೆ ಎಂದು ವಿವರಿಸಿದ.

"ಲಂಚ ಅಲ್ಲಪ್ಪಾ, ತಿಂಡಿ," ಎಂದರು ಎಸ್ಮೆರ್. "ಹೊಟ್ಟೆ ಹಸಿದೋನು ನ್ಯಾಯ ಹೇಗ್ ಹೇಳ್ತಾನೆ?"

ಕೊನೆಗೆ ಅದನ್ನು ಕಚೇರಿಯವರೇ ತಿಂದರು.

ಎಸ್ಮೆರ್‌ಗೆ ಬೇಕಾದದ್ದು ಪರಿಹಾರ ಅಲ್ಲ. ಅದನ್ನು ಮೊದಲ ದಿನವೇ ಹೇಳಿದರು. ಸತ್ತವರ ಮನೆಯಲ್ಲಿ ಮೂರು ದಿನ ಜನ ಬಂದು ಕೂರುತ್ತಾರೆ, ಕಹಿ ಕಾಫಿ ಕುಡಿಯುತ್ತಾರೆ, ಸತ್ತವರ ಹೆಸರಲ್ಲಿ ಪ್ರಾರ್ಥನೆ ಓದುತ್ತಾರೆ. ಆಮೇಲೆ ಆ ಮನೆಯವರು ಮತ್ತೆ ಕೆಲಸಕ್ಕೆ ಹೋಗಬಹುದು, ಮದುವೆಗೆ ಹೋಗಬಹುದು. ನೆಜೀರ್‌ಗಾಗಿ ಆ ಮೂರು ದಿನ ಯಾರೂ ಕೂತಿರಲಿಲ್ಲ. ಹೆಣವಿಲ್ಲ, ಹಿಡಿದದ್ದೇ ಇಲ್ಲ ಎನ್ನುವ ಸರ್ಕಾರ. ತಾನಾಗಿಯೇ ಕೂತರೆ ಮಗನನ್ನು ತಾನೇ ಸಾಯಿಸಿದ ಹಾಗೆ ಎಂಬುದು ತಾಯಿಯ ಲೆಕ್ಕ. ಯಾರಾದರೂ ದೊಡ್ಡವರು, ಸುಳ್ಳು ಹೇಳಬೇಕಾದ ಅಗತ್ಯವಿಲ್ಲದವರು, ಇವನನ್ನು ಇಂಥವರು ಕರೆದುಕೊಂಡು ಹೋದರು, ಇವನು ಇನ್ನು ಬರುವುದಿಲ್ಲ ಎಂದು ಹೇಳಬೇಕು. ಹೇಳಿದ ದಿನ ಕೂರುತ್ತೇನೆ ಎಂದರು. ಕೇಸಿನಿಂದ ಆಕೆ ಕೇಳಿದ್ದು ಆ ಒಂದು ವಾಕ್ಯ.

ಹೇಳಿಕೆ ಪಡೆದ ದಿನ ಪೆರಿಖಾನ್ ಅವರಿಗೆ ಚೆನ್ನಾಗಿ ನೆನಪಿದೆ. ಕೈಗೆ ಕೊಟ್ಟಿದ್ದು ಬೆಂಡೆಕಾಯಿ. ಎಸ್ಮೆರ್ ಹೇಳಿದ್ದು: ಗುಲಾನ್ ಇಪ್ಪತ್ತು. ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯ ಜ್ವರ. ಅದರಿಂದ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಎಲೆ ಬಿಡಿಸುತ್ತ ಕೂತರೆ ಆಗುವುದಿಲ್ಲ, ಕೊಂಬೆಯನ್ನೇ ಕಡಿದು ತಂದು ಹಾಕಬೇಕು. ಅದಕ್ಕೇ ನೆಜೀರ್ ಕೊಡಲಿ ಹಿಡಿದು ಮರ ಹತ್ತಿದ್ದ. ಮನೆ ತುಂಬ ಹುಳು ಮೇಯುವ ಸದ್ದು, ಮಳೆ ಬಂದ ಹಾಗೆ. ಆ ಸದ್ದಿನಲ್ಲಿ ಗಾಡಿ ಬಂದದ್ದು ತನಗೆ ಕೇಳಲಿಲ್ಲ ಎಂದರು ಎಸ್ಮೆರ್. ಹುಳು ಚಿಕ್ಕದಿದ್ದಿದ್ದರೆ ಕೇಳುತ್ತಿತ್ತು, ಓಡು ಅನ್ನುತ್ತಿದ್ದೆ ಎಂದು ಅತ್ತರು.

ಪೆರಿಖಾನ್ ಬರೆದದ್ದು: ಮೇ ಇಪ್ಪತ್ತರಂದು ಬೆಳಗ್ಗೆ ಹತ್ತರ ಸುಮಾರಿಗೆ, ಅರ್ಜಿದಾರಳ ಮಗ ಮನೆಯ ಸಮೀಪ ಕೆಲಸ ಮಾಡುತ್ತಿದ್ದಾಗ, ಸಮವಸ್ತ್ರ ಧರಿಸಿದ ಎಂಟು ಮಂದಿ ಅವನನ್ನು ವಶಕ್ಕೆ ತೆಗೆದುಕೊಂಡರು.

ಚೊಕ್ಕ ವಾಕ್ಯ. ಮಹ್ಸುಮ್ ಮೆಚ್ಚಿಕೊಂಡ.

ತೀರ್ಪಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ಮಧ್ಯೆ ಪ್ರತಿ ಹಬ್ಬಕ್ಕೆ ಪೆರಿಖಾನ್ ಬಾಗ್ಲಾರ್‌ನ ಆ ನೆಲಮಾಳಿಗೆಗೆ ಹೋಗಿ ಎಸ್ಮೆರ್ ಅವರ ಕೈಗೆ ಮುತ್ತಿಟ್ಟು ಬರುತ್ತಿದ್ದರು. ಮಗಳಿಗೆ ಮದುವೆಯ ಮಾತು ಬಂತು. ಸಾವಿನ ಮನೆ ಮುಗಿಯದೆ ಮದುವೆ ಮನೆ ಹೇಗೆ ಎಂದು ಎಸ್ಮೆರ್ ಮುಂದೂಡಿದರು. ಹುಡುಗನ ಕಡೆಯವರು ಎರಡು ವರ್ಷ ಕಾದು ಬೇರೆ ಕಡೆ ನೋಡಿಕೊಂಡರು. ಗುಲ್‌ಬಹಾರ್ ಹೊಲಿಗೆ ಕಾರ್ಖಾನೆಗೆ ಹೋಗಲು ಶುರುಮಾಡಿದಳು.

ತೀರ್ಪು ಬಂದಾಗ ಅದರ ಟರ್ಕಿಶ್ ಪ್ರತಿ ಹಿಡಿದು ಮಹ್ಸುಮ್ ಮತ್ತು ಪೆರಿಖಾನ್ ಅಲ್ಲಿಗೆ ಹೋದರು. ಪೆರಿಖಾನ್ ಒಂದೊಂದೇ ಭಾಗ ಓದಿ ಕುರ್ದಿಶ್‌ನಲ್ಲಿ ಹೇಳಿದರು. ಮನೆ ಸುಟ್ಟದ್ದು ನಿಜ, ಅದು ಸರ್ಕಾರದ ತಪ್ಪು. ಮಗ ಕಾಣೆಯಾದ ಬಗ್ಗೆ ಸರಿಯಾದ ತನಿಖೆ ಮಾಡದೆ ಇದ್ದದ್ದೂ ಸರ್ಕಾರದ ತಪ್ಪು. ಎಸ್ಮೆರ್ ತಲೆಯಾಡಿಸುತ್ತ ಕೇಳಿದರು. ಆಮೇಲೆ ಮಗನ ಭಾಗ. ಅರ್ಜಿದಾರಳು ಹೇಳಿದ ದಿನ ಆ ಹಳ್ಳಿಯ ಸುತ್ತಮುತ್ತ ಯಾವ ತುಕಡಿಯೂ ಇರಲಿಲ್ಲ ಎಂದು ಸರ್ಕಾರ ದಾಖಲೆ ಕೊಟ್ಟಿದೆ. ಅದನ್ನು ಸುಳ್ಳೆನ್ನಲು ಆಧಾರ ಸಿಕ್ಕಿಲ್ಲ. ಹಾಗಾಗಿ ಇವನನ್ನು ಸೈನಿಕರೇ ಕರೆದೊಯ್ದರೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ.

"ಯಾವ ದಿನ ಇರ್ಲಿಲ್ವಂತೆ?" ಎಂದು ಕೇಳಿದರು ಎಸ್ಮೆರ್.

"ಮೇ ಇಪ್ಪತ್ತು."

"ಮೇ ಇಪ್ಪತ್ತಕ್ಕೆ ಅವರ್ಯಾಕೆ ಬರ್ತಾರೆ? ಆಗಿನ್ನೂ ಹುಳು ಮೂರನೇ ಜ್ವರಕ್ಕೂ ಹೋಗಿರ್ಲಿಲ್ಲ."

"ದಾಯೆ, ಗುಲಾನ್ ಇಪ್ಪತ್ತು ಅಂತ ನೀನೇ ಹೇಳಿದ್ದು."

"ಹೂಂ, ಹೇಳ್ದೆ. ನಮ್ಮ ಗುಲಾನ್. ಸರ್ಕಾರದ್ದು ಆಗ ನಂಗೇನು ಗೊತ್ತಿತ್ತು? ನಾಲ್ಕನೇ ಜ್ವರದಿಂದ ಎದ್ದಿತ್ತು ಅಂದೆ. ನೀನು ಬೆಂಡೆಕಾಯಿ ಹೆಚ್ಚುತ್ತಾ ಕೂತಿದ್ದೆ. ಹೂಂ ಹೂಂ ಅಂದೆ."

ದಾಯೆ ಎಂದರೆ ತಾಯಿ. ಹಳೇ ಲೆಕ್ಕದ ಮೇ ಇಪ್ಪತ್ತು ಹೊಸ ಲೆಕ್ಕದಲ್ಲಿ ಜೂನ್ ಎರಡು. ಮಹ್ಸುಮ್ ಕಚೇರಿಗೆ ಓಡಿ ಸರ್ಕಾರ ಸಲ್ಲಿಸಿದ್ದ ದಾಖಲೆಗಳನ್ನು ಮತ್ತೆ ತೆಗೆದ. ಜೂನ್ ಒಂದರಿಂದ ಮೂರರವರೆಗೆ ಒಂದು ತುಕಡಿ ತೂಯಾನ್ ಕಣಿವೆಯಲ್ಲಿ ಶೋಧ ನಡೆಸಿತ್ತು. ಸರ್ಕಾರ ಅದನ್ನು ಮುಚ್ಚಿಟ್ಟಿರಲೂ ಇಲ್ಲ. ಬೇರೆ ದಿನದ ಮಾತಾದ್ದರಿಂದ ಯಾರೂ ಆ ಪುಟ ನೋಡಿರಲಿಲ್ಲ.

ಮರುಪರಿಶೀಲನೆ ಕೇಳಬಹುದೇ ಎಂದು ಮಹ್ಸುಮ್ ಹಿರಿಯರನ್ನೆಲ್ಲ ವಿಚಾರಿಸಿದ. ಅದಕ್ಕೆ ಹೊಸ ಸಂಗತಿ ಬೇಕು. ಅದು ತೀರ್ಪಿನ ಮೊದಲು ಅರ್ಜಿದಾರರಿಗೆ ಗೊತ್ತಿರಬಾರದು, ಗೊತ್ತಾಗುವ ಹಾಗೂ ಇರಬಾರದು. ಇಲ್ಲಿ ಅರ್ಜಿದಾರಳಿಗೆ ಮೊದಲಿನಿಂದಲೂ ಗೊತ್ತಿತ್ತು. ಹೇಳಿಯೂ ಇದ್ದಳು. ದಾರಿ ಮುಚ್ಚಿತ್ತು.

"ತಪ್ಪು ಪೆರಿಖಾನಕ್ಕನದ್ದಲ್ಲ," ಎನ್ನುತ್ತಾನೆ ಮಹ್ಸುಮ್. ಅವನಿಗೂ ಈಗ ತಲೆ ಬೆಳ್ಳಗಾಗಿದೆ. "ಮರ ಬೇಡ ಅಂದೋನು ನಾನು. ಅಷ್ಟು ಜನ ವಕೀಲರು ಓದಿದ್ವಿ. ಒಬ್ಬನಿಗೂ ಅನುಮಾನ ಬರ್ಲಿಲ್ಲ."

ಪೆರಿಖಾನ್ ಇದನ್ನು ಒಪ್ಪುವುದಿಲ್ಲ, ವಾದಿಸುವುದೂ ಇಲ್ಲ. "ಅವರಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು," ಎನ್ನುತ್ತಾರೆ. "ನನ್ನಜ್ಜಿ ಹಳೇ ಲೆಕ್ಕದೋಳೇ. ಹೊಸ ವರ್ಷದ ರೊಟ್ಟಿನ ಎಲ್ಲರೂ ತಿಂದು ಮರೆತ ಮೇಲೆ ಸುಡ್ತಿದ್ಳು. ನಾವು ಮೊಮ್ಮಕ್ಕಳು ಅವಳನ್ನ ಆಡ್ಕೊಂಡು ನಗ್ತಿದ್ವಿ. ಎಸ್ಮೆರ್ ದಾಯೆನ ಒಂದು ಮಾತು ಕೇಳ್ಬೋದಿತ್ತು, ಕೇಳ್ಲಿಲ್ಲ. ಚೊಕ್ಕವಾಗಿ ಬರೀತೀನಿ ಅಂತ ಹೆಸರು ಬಂದಿತ್ತಲ್ಲ."

ಆಮೇಲೆ ಎರಡು ವರ್ಷ ಎಸ್ಮೆರ್ ಮನೆಯ ಬಾಗಿಲು ಪೆರಿಖಾನ್‌ಗೆ ತೆರೆಯಲಿಲ್ಲ. ಹಬ್ಬಕ್ಕೆ ಹೋದರೆ ಗುಲ್‌ಬಹಾರ್ ಬಾಗಿಲಲ್ಲೇ ನಿಂತು, ಅಮ್ಮ ಮಲಗಿದ್ದಾರೆ ಎನ್ನುತ್ತಿದ್ದಳು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಮೂರನೇ ವರ್ಷ ಎಸ್ಮೆರ್ ತಾವೇ ಹೇಳಿಕಳಿಸಿದರು. ಹೋದಾಗ ಚಹಾ ಕೊಟ್ಟರು. ಬಯ್ಯಲಿಲ್ಲ. ಹುಳುವಿನ ವಿಷಯ ಆ ನ್ಯಾಯಾಧೀಶರಿಗೆ ಹೇಳಿದೆಯಾ ಎಂದು ಕೇಳಿದರು. ಇನ್ನು ಹೇಳಲು ದಾರಿಯಿಲ್ಲ ಎಂದು ಪೆರಿಖಾನ್ ಮತ್ತೆ ವಿವರಿಸಿದರು. ಎಸ್ಮೆರ್ ಎಲ್ಲ ಕೇಳಿಸಿಕೊಂಡು, ಮುಂದಿನ ವಸಂತದಲ್ಲಿ ಮತ್ತೆ ಅದನ್ನೇ ಕೇಳಿದರು. ಅದರ ಮುಂದಿನ ವಸಂತದಲ್ಲೂ. ಅಂಥ ಐದಾರು ವಸಂತಗಳಾದ ಮೇಲೆ ಪೆರಿಖಾನ್ ಸೋತರು.

"ಹೇಳಿದೀನಿ ದಾಯೆ ಅಂದ್ಬಿಟ್ಟೆ."

ಎಸ್ಮೆರ್ ಏನಂದರು?

"ನನ್ನ ಮುಖ ನೋಡಿದ್ರು. ಸುಳ್ಳು ಅಂತ ಗೊತ್ತಾಯ್ತು ಅವರಿಗೆ. ಆಮೇಲಿಂದ ಕೇಳೋದು ಬಿಟ್ರು. ಕೇಳ್ತಿದ್ದಾಗ್ಲೇ ಚೆನ್ನಾಗಿತ್ತು."

ಬಾಗ್ಲಾರ್‌ನ ಬೀದಿಯವರು ಹಲವು ಸಲ ಹೇಳಿ ನೋಡಿದರು. ಇನ್ನೇನು ಉಳಿದಿದೆ, ಹುಡುಗನ ಹೆಸರಲ್ಲಿ ಮೂರು ದಿನ ಕೂತುಬಿಡಿ, ನಿಮಗೂ ಹಗುರ, ಅವನಿಗೂ ಹಗುರ. ಮುಲ್ಲಾ ಬಂದು ಅದೇ ಹೇಳಿದ. ಎಸ್ಮೆರ್ ಅವನಿಗೆ, ನಿನಗೆ ಅಷ್ಟು ಅವಸರ ಇದ್ದರೆ ನಿನ್ನ ಮಗನಿಗೆ ಕೂತುಕೋ ಎಂದು ಉತ್ತರ ಕೊಟ್ಟರು. ಮುಲ್ಲಾ ಮತ್ತೆ ಆ ಬೀದಿಗೆ ಬರಲು ಒಂದು ವರ್ಷ ಹಿಡಿಯಿತಂತೆ.

ಎಸ್ಮೆರ್ ಕಳೆದ ನವೆಂಬರಿನಲ್ಲಿ ತೀರಿಕೊಂಡರು. ಬಡಾವಣೆಯ ಸಂತಾಪದ ಮನೆಯಲ್ಲಿ ಮೂರು ದಿನ ಜನ ಕೂತರು. ತೂಯಾನ್‌ನಿಂದ ಚದುರಿಹೋದವರು ಅದಾನಾದಿಂದ, ಇಸ್ತಾಂಬುಲ್‌ನಿಂದ ಬಂದರು. ಪೆರಿಖಾನ್ ಮೂರೂ ದಿನ ಹೆಂಗಸರ ಕಡೆ ಕಾಫಿ ಹಂಚಿದರು. ಕೊನೆಯ ಸಂಜೆ ಮುಲ್ಲಾ ಪ್ರಾರ್ಥನೆಗೆ ಮೊದಲು, ಯಾರ ಯಾರ ಹೆಸರು ಸೇರಿಸಬೇಕು ಎಂದು ಕೇಳಿಕಳಿಸಿದ. ಮನೆಯಲ್ಲಿ ಮೊದಲೇ ಸತ್ತವರ ಹೆಸರನ್ನೂ ಆಗ ಸೇರಿಸುವುದು ವಾಡಿಕೆ. ಗುಲ್‌ಬಹಾರ್ ಅಪ್ಪನ ಹೆಸರು ಹೇಳಿದಳು, ಅಜ್ಜ ಅಜ್ಜಿಯ ಹೆಸರು ಹೇಳಿದಳು. ಪೆರಿಖಾನ್ ಹತ್ತಿರ ಹೋಗಿ ಮೆಲ್ಲಗೆ ನೆಜೀರ್‌ನ ಹೆಸರನ್ನೂ ಹೇಳು ಎಂದರು. ತಾಯಿಯ ಜೊತೆ ಅವನದೂ ಆಗಿಹೋಗಲಿ ಎಂದು.

"ಅಮ್ಮ ಅವನನ್ನ ಸಾಯಿಸ್ಲಿಲ್ಲ," ಎಂದಳು ಗುಲ್‌ಬಹಾರ್. "ನಾನೂ ಸಾಯ್ಸಲ್ಲ. ನೀವು ಕಾಫಿ ಕೊಡಿ ಅಕ್ಕಾ."

ಪೆರಿಖಾನ್ ಕಾಫಿ ಕೊಟ್ಟರು.

ಗುಲ್‌ಬಹಾರ್‌ಗೆ ಈಗ ಐವತ್ತರ ಹತ್ತಿರ. ಅದೇ ನೆಲಮಾಳಿಗೆಯಲ್ಲಿದ್ದಾಳೆ. ಬಾಡಿಗೆದಾರರ ಫಲಕದಲ್ಲಿ ಮೂರು ಹೆಸರಿವೆ. ಅವಳದು, ತಾಯಿಯದು, 'ನೆಜೀರ್' ಎಂದು ಮೂರನೆಯದು. ತಾಯಿಯದನ್ನು ಮಾತ್ರ ತೆಗೆಯಲು ಹೇಳಿದ್ದಾಳೆ.

ಅಡುಗೆಮನೆಯಲ್ಲಿ ಹನ್ನೊಂದು ಗಂಟೆಗೆ ಫೆರ್ಹೊನ ಎರಡನೇ ಸುತ್ತು ನಡೆಯುತ್ತಿದೆ. ಮೊಮ್ಮಗ ಗೇಟಿನ ಹತ್ತಿರ ಬರುವಾಗ ಕತ್ತೆಯ ಮೇಲೆ ಗೋಧಿ ಹಿಟ್ಟಿನ ಚೀಲ ಇತ್ತು, ಗುಂಡಿನ ಸದ್ದಿಗೆ ಕತ್ತೆ ಓಡಿತು, ಚೀಲ ಹರಿದು ರಸ್ತೆ ಉದ್ದಕ್ಕೂ ಹಿಟ್ಟು ಬಿತ್ತು ಎಂದು ಮುದುಕ ಹೇಳುತ್ತಾನೆ. ಪೆರಿಖಾನ್ ಬರೆಯುವುದನ್ನು ನಿಲ್ಲಿಸಿ ಹಿಟ್ಟು ಎಲ್ಲಿಂದ ಎಲ್ಲಿಯವರೆಗೆ ಬಿದ್ದಿತ್ತು ಎಂದು ಕೇಳುತ್ತಾರೆ. ಕತ್ತೆ ಯಾವ ದಿಕ್ಕಿಗೆ ಓಡಿತು ಎಂದು ಕೇಳುತ್ತಾರೆ. ಅದನ್ನೂ ಬರೆಯುತ್ತಾರೆ.

ಹೊಸದಾಗಿ ಸೇರಿದ ಯುವ ವಕೀಲೆ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಸ್ಟ್ರಾಸ್‌ಬರ್ಗ್‌ನ ಅರ್ಜಿಯಲ್ಲಿ ನಡೆದದ್ದನ್ನು ಹೇಳಲು ಇರುವ ಜಾಗ ಮೂರು ಪುಟ ಎಂದು ನೆನಪಿಸುತ್ತಾಳೆ. ಪೆರಿಖಾನಕ್ಕ ಎಲ್ಲ ಹೇಳಿಕೆಯಲ್ಲೂ ಒಂದು ಪ್ರಾಣಿ ಸೇರಿಸುತ್ತಾರೆ ಎಂದು ಅವಳು ಬೇರೆಯವರ ಹತ್ತಿರ ನಕ್ಕಿದ್ದೂ ಇದೆ. ಅವಳು ಹೇಳುವುದರಲ್ಲಿ ತಪ್ಪಿಲ್ಲ. ಕತ್ತೆ ಒಳಗೆ ಬಂದರೆ ಬೇರೆ ಏನಾದರೂ ಹೊರಗೆ ಹೋಗಬೇಕು. ಏನನ್ನು ಬಿಡಬೇಕೆಂದು ಮಧ್ಯಾಹ್ನ ಇಬ್ಬರೂ ಕೂತು ತೀರ್ಮಾನಿಸುತ್ತಾರೆ. ಮಹ್ಸುಮ್ ಈ ಜಗಳಕ್ಕೆ ಬರುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಪೆರಿಖಾನ್ ಅವರನ್ನು ಕೇಳುತ್ತೇನೆ. ಬಟಾಣಿ ಸಿಪ್ಪೆಯನ್ನು ಬುಟ್ಟಿಗೆ ಬಳಿಯುತ್ತ ಯೋಚಿಸುತ್ತಾರೆ.

"ಒಂದ್ಸಲ, ಒಬ್ಬರ ಮಾತು, ಒಂದಕ್ಷರ ಬಿಡದೆ ಅಲ್ಲಿಗೆ ಕಳಿಸ್ಬೇಕು. ಅಳೋದು, ಬಯ್ಯೋದು, ಅತ್ತಿಗೆ ಜೊತೆ ಜಗಳ ಆಡಿದ್ದು, ಎಲ್ಲ ಸೇರಿಸಿ. ಓದ್ಲಿ ಬಿಡ್ಲಿ. ಕೇಸು ಬಿದ್ದೇ ಹೋಗುತ್ತೆ, ಅದ್ಕೇ ಯಾರದ್ದನ್ನೂ ಕಳಿಸೋಕಾಗಲ್ಲ."

ಎಸ್ಮೆರ್ ಕೇಸಿನ ಕಡತ ಗೋಡೆಯ ಕಪಾಟಿನಲ್ಲಿ ಬೇರೆ ಕಡತಗಳ ಜೊತೆಯಲ್ಲೇ ಇದೆ. ಆ ಒಂದು ವರ್ಷದಲ್ಲಿ ಎಸ್ಮೆರ್ ಕಳೆದುಕೊಂಡದ್ದು ಒಬ್ಬ ಮಗ, ಎರಡು ಕೋಣೆಯ ಒಂದು ಮನೆ, ಹನ್ನೊಂದು ಮೇಕೆ, ಮೂವತ್ತನಾಲ್ಕು ಹಿಪ್ಪುನೇರಳೆ ಮರ. ಮನೆ, ಮೇಕೆ, ಮರ ಸಾಬೀತಾದ ನಷ್ಟವೆಂದು ತೀರ್ಪಿನಲ್ಲಿವೆ.